ಕೆರೆಗಳಲ್ಲಿ ಗಾಳದ ಮೀನುಗಾರಿಕೆ ಮತ್ತು ಗಾಳ ಸ್ಪರ್ಧೆಗಳು: ಅನುಮತಿ ಹಾಗೂ ನೀರಿನ ಸುರಕ್ಷತೆಯ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

(ಬೆಂಗಳೂರು ಗ್ರಾಮಾಂತರ ಜಿಲ್ಲೆ – ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳು)

ಪೀಠಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇರುವುದಿಲ್ಲ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿಯು ದೊಡ್ಡಬಳ್ಳಾಪುರ ತಾಲ್ಲೂಕಿನ ಮೂಲಕವೂ, ದಕ್ಷಿಣ ಪಿನಾಕಿನಿಯು ಹೊಸಕೋಟೆ ತಾಲ್ಲೂಕಿನ ಮೂಲಕವೂ, ಶಿವಗಂಗೆಯ ಬಳಿ ಹುಟ್ಟುವ ಕುಮುದ್ವತಿಯು ನೆಲಮಂಗಲ ತಾಲ್ಲೂಕಿನ ಮೂಲಕವೂ ಹಾದು ಹೋಗುತ್ತವೆಯಾದರೂ ಇವುಗಳಲ್ಲಿ ನೀರು ಕಾಣುವುದು ಮಳೆಗಾಲದಲ್ಲಿ ಮಾತ್ರ. ಆದುದರಿಂದ ಜಿಲ್ಲೆಯಲ್ಲಿ ಮೀನುಗಾರಿಕೆ ಎಂದರೆ ಕೆರೆಗಳ ಮೀನುಗಾರಿಕೆಯೇ ಆಗಿದೆ. ಒಂದು ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಗೆ ಸೇರುವಂತೆ ಹಿಂದಿನವರು ಕಟ್ಟಿದ ಈ ಕೆರೆಗಳ ಸರಣಿಯಲ್ಲಿ ಮೀನುಗಾರರ ಸಹಕಾರ ಸಂಘಗಳು ಮತ್ತು ಗುತ್ತಿಗೆದಾರರು ಮೀನುಮರಿಗಳನ್ನು ಬಿತ್ತನೆ ಮಾಡಿ ಜೀವನೋಪಾಯ ನಡೆಸುತ್ತಿರುತ್ತಾರೆ.

ಇದರ ಜೊತೆಗೆ, ವಾರಾಂತ್ಯದಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕಲು ನಗರದಿಂದ ಬರುವವರೂ, ಗಾಳ ಸ್ಪರ್ಧೆ ಏರ್ಪಡಿಸಲು ಅನುಮತಿ ಕೋರುವ ಯುವಕ ಸಂಘಗಳೂ ಇವೆ. ಅಂತಹ ಅರ್ಜಿದಾರರಿಗೆ ಅನುಮತಿ ಯಾರಿಂದ ಪಡೆಯಬೇಕು, ನೀರಿನ ಬಳಿ ಯಾವ ಎಚ್ಚರಿಕೆ ವಹಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಇವೆರಡೂ ಬೇರೆ ಬೇರೆ ವಿಷಯಗಳೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಕೆರೆಯ ಯಾವ ಭಾಗದಲ್ಲಿ ಗುಂಡಿ ಇದೆ ಎಂಬುದು ಆ ಕೆರೆಯಲ್ಲಿ ಪ್ರತಿದಿನ ಬಲೆ ಬೀಸುವವರಿಗೆ ತಿಳಿದಿರುತ್ತದೆ. ಅವರ ಒಪ್ಪಿಗೆ ಕೇಳಲು ಹೋದವರಿಗೆ ಆ ತಿಳಿವಳಿಕೆಯೂ ದೊರೆಯುತ್ತದೆ. ಕೇಳದೆ ಬೇಲಿ ದಾಟಿ ಇಳಿದವರಿಗೆ ಎರಡೂ ದೊರೆಯುವುದಿಲ್ಲ.

ಗಾಳ ಸ್ಪರ್ಧೆ ಎಂದರೇನು

ಗಾಳದ ಸ್ಪರ್ಧೆಗಳು ದೊಡ್ಡ ಕ್ರೀಡೆಯಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿನ ಸಿಹಿನೀರಿನ ಬಾಸ್ ಎಂಬ ಮೀನನ್ನು ಹಿಡಿಯುವ ಪಂದ್ಯವನ್ನು 1967ರಲ್ಲಿ ಅರ್ಕಾನ್ಸಾಸ್ ರಾಜ್ಯದ ಬೀವರ್ ಸರೋವರದಲ್ಲಿ ರೇ ಸ್ಕಾಟ್ ಎಂಬುವವರು ಏರ್ಪಡಿಸಿದರು. ಮೊದಮೊದಲು ಹಿಡಿದ ಮೀನು ಸತ್ತೇ ತಕ್ಕಡಿಗೆ ಬರುತ್ತಿತ್ತು. 1972ರಿಂದ ಮೀನನ್ನು ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಜೀವಂತವಾಗಿ ಇರಿಸಿ, ತೂಕದ ನಂತರ ಪುನಃ ನೀರಿಗೆ ಬಿಡುವ ಪದ್ಧತಿಯನ್ನು ಅವರು ಜಾರಿಗೆ ತಂದರು. ದೋಣಿಯ ಮುಖ್ಯ ಎಂಜಿನ್ ಚಾಲನೆಯಲ್ಲಿರುವಾಗ ಜೀವರಕ್ಷಕ ಜಾಕೆಟ್ ಧರಿಸಿರಬೇಕು ಹಾಗೂ ಚಾಲಕನು ನೀರಿಗೆ ಬಿದ್ದ ಕೂಡಲೇ ಎಂಜಿನ್ ನಿಲ್ಲುವಂತೆ ಮಾಡುವ ಹಗ್ಗವನ್ನು ಮೈಗೆ ಕಟ್ಟಿಕೊಂಡಿರಬೇಕು ಎಂಬುದು ಈ ಪಂದ್ಯಗಳ ನಿಯಮವಾಗಿದೆ. 2021ರ ಏಪ್ರಿಲ್‌ನಿಂದ ಈ ಹಗ್ಗದ ಬಳಕೆಯನ್ನು ಆ ದೇಶದಲ್ಲಿ 26 ಅಡಿಗಿಂತ ಚಿಕ್ಕದಾದ ಯಾಂತ್ರಿಕ ದೋಣಿಗಳಿಗೆ ಕಾನೂನಿನ ಮೂಲಕವೇ ಕಡ್ಡಾಯಗೊಳಿಸಲಾಯಿತು. ಬಹುಮಾನದ ಆಸೆಯಿಂದ ಎಲ್ಲರೂ ಒಮ್ಮೆಗೇ ದೋಣಿ ಓಡಿಸುವ ಕ್ರೀಡೆಯಲ್ಲಿ ಇಂತಹ ಕಟ್ಟುನಿಟ್ಟು ಇಲ್ಲದಿದ್ದರೆ ಏನಾಗಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಬಾಸ್ ಮೀನು ನಮ್ಮ ಕೆರೆಗಳ ಮೀನಲ್ಲ. ಇಲ್ಲಿ ಗಾಳಕ್ಕೆ ಬೀಳುವುದು ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ, ಜಿಲೇಬಿ ಮೀನು ಮತ್ತು ಕೊರಮೀನು. ಬೇರೆ ದೇಶದ ಆಟದ ಮೀನನ್ನು ತಂದು ಕೆರೆಗೆ ಬಿಡುವ ಆಲೋಚನೆಯೂ ಸಲ್ಲದು. ಜಪಾನಿನಲ್ಲಿ 1925ರಲ್ಲಿ ಒಂದು ಸರೋವರಕ್ಕೆ ಬಿಟ್ಟ ಬಾಸ್ ಮೀನು ಮುಂದೆ ದೇಶವೆಲ್ಲ ಹರಡಿ ಸ್ಥಳೀಯ ಮೀನುಗಳನ್ನು ತಿಂದುಹಾಕಿದ್ದರಿಂದ, 2005ರಲ್ಲಿ ಅದನ್ನು ಸಾಕುವುದನ್ನೂ ಸಾಗಿಸುವುದನ್ನೂ ಅಲ್ಲಿನ ಸರ್ಕಾರ ನಿಷೇಧಿಸಬೇಕಾಯಿತು. ನಮ್ಮ ದೇಶದಲ್ಲಿಯೂ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು 2000ರಲ್ಲಿ ನಿಷೇಧಿಸಲಾಗಿದ್ದು, ಈ ಮೀನು ಗಾಳಕ್ಕೆ ಬಿದ್ದಲ್ಲಿ ಅದನ್ನು ಪುನಃ ಕೆರೆಗೆ ಬಿಡದೆ ಗುತ್ತಿಗೆದಾರರ ಗಮನಕ್ಕೆ ತರುವುದು ಸೂಕ್ತ.

ಕರ್ನಾಟಕದಲ್ಲಿ ಗಾಳದ ಕ್ರೀಡೆಗೆ ಹೆಸರಾದುದು ಕಾವೇರಿ ಮತ್ತು ಕಬಿನಿಯ ಮಹಶೀರ್ ಮೀನು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಸದಸ್ಯರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮೀನು ಇಂದಿಗೂ ದಾಖಲೆಯಾಗಿ ಉಲ್ಲೇಖವಾಗುತ್ತದೆ. 1972ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗದಲ್ಲಿ ಮೀನಿನ ಕಾವಲಿನ ಜೊತೆಗೆ ಗಾಳದ ಮೀನುಗಾರಿಕೆಯನ್ನು ನಿಯಮಬದ್ಧವಾಗಿ ನಡೆಸಿತು. ಭೀಮೇಶ್ವರಿಯ ಶಿಬಿರವೂ ದೇಶವಿದೇಶಗಳ ಗಾಳಗಾರರನ್ನು ಸೆಳೆದಿತ್ತು. ಆದರೆ ಈ ಪ್ರದೇಶವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು, ವನ್ಯಜೀವಿ ಸಂರಕ್ಷಣಾ ಕಾನೂನಿನ ಕಾರಣ 2010ರ ನಂತರದ ವರ್ಷಗಳಲ್ಲಿ ಅಲ್ಲಿ ಗಾಳ ಹಾಕುವುದು ನಿಂತುಹೋಯಿತು. ಕಾವೇರಿಯ ಡುಬ್ಬದ ಮಹಶೀರ್ ಅನ್ನು 2018ರಲ್ಲಿ ತೀವ್ರ ಅಳಿವಿನಂಚಿನಲ್ಲಿರುವ ಪ್ರಭೇದಗಳ ಜಾಗತಿಕ ಪಟ್ಟಿಗೆ ಸೇರಿಸಲಾಗಿದೆ. ನದಿಯಲ್ಲಿ ಅವಕಾಶ ಕಡಿಮೆಯಾದ ಮೇಲೆ ಹವ್ಯಾಸಿಗಳು ಕೆರೆಗಳ ಕಡೆಗೆ ನೋಡುವುದು ಸಹಜ. ನದಿಯ ಶಿಬಿರಗಳಲ್ಲಿ ಪ್ರತಿ ಗಾಳಗಾರನ ಜೊತೆಗೆ ನೀರು ಬಲ್ಲ ಸ್ಥಳೀಯ ಮಾರ್ಗದರ್ಶಿ ಇರುತ್ತಿದ್ದುದನ್ನು ಮಾತ್ರ ಕೆರೆಗೆ ಬರುವವರು ಮರೆಯುತ್ತಾರೆ.

ಮೀನಿನ ಹಕ್ಕು ಯಾರದು

ಕೆರೆ ಸಾರ್ವಜನಿಕವಾದದ್ದು, ಆದುದರಿಂದ ಅದರ ಮೀನೂ ಸಾರ್ವಜನಿಕವಾದದ್ದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕೆರೆಯ ಮೀನುಗಾರಿಕೆ ಹಕ್ಕನ್ನು ಗೊತ್ತುಪಡಿಸಿದ ಅವಧಿಗೆ ಗುತ್ತಿಗೆಗೆ ನೀಡಲಾಗುತ್ತದೆ. ಗುತ್ತಿಗೆ ಪಡೆದವರು ಹಣ ತೆತ್ತು ಮೀನುಮರಿಗಳನ್ನು ಬಿತ್ತಿರುತ್ತಾರೆ; ಮೀನು ಬೆಳೆಯುವ ತನಕ ತಿಂಗಳುಗಟ್ಟಲೆ ಕಾಯ್ದಿರುತ್ತಾರೆ. ಹೊಲದಲ್ಲಿ ಬೆಳೆದ ರಾಗಿಯನ್ನು ದಾರಿಹೋಕರು ಕೊಯ್ಯಲಾಗದು. ಕೆರೆಯ ಮೀನಿಗೂ ಇದು ಅನ್ವಯಿಸುತ್ತದೆ.

ಕೆರೆಯ ಒಡೆತನ ಮತ್ತು ನಿರ್ವಹಣೆಯ ವಿಷಯ ಬೇರೆ. ಸಾಮಾನ್ಯವಾಗಿ 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತ್ ಸಂಸ್ಥೆಗಳಿಗೂ ಸೇರಿರುತ್ತವೆ. ಸ್ಪರ್ಧೆ ಏರ್ಪಡಿಸುವವರು ಮೊದಲು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಸದರಿ ಕೆರೆಯು ಯಾರ ವ್ಯಾಪ್ತಿಗೆ ಬರುತ್ತದೆ, ಮೀನುಗಾರಿಕೆ ಗುತ್ತಿಗೆ ಯಾರ ಹೆಸರಿನಲ್ಲಿದೆ ಎಂಬುದನ್ನು ವಿಚಾರಿಸಿಕೊಂಡು, ನಂತರ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಬರುವುದು ಅಲೆದಾಟವನ್ನು ತಪ್ಪಿಸುತ್ತದೆ.

ಒಳನಾಡು ಜಲಸಂಪನ್ಮೂಲಗಳಲ್ಲಿ ಮೀನು ಹಿಡಿಯುವುದನ್ನು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮದ ಮೂಲಕ ನಿಯಂತ್ರಿಸಲಾಗಿದೆ. ಈ ನಿಯಂತ್ರಣ ಹೊಸದೇನೂ ಅಲ್ಲ. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ಅಪರಾಧವೆಂದು ಸಾರಿತ್ತು. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನಿನ ರಕ್ಷಣೆಗಾಗಿ 1901ರಲ್ಲಿಯೇ ಕಾಯಿದೆ ಬಂದಿತ್ತು.

ಕೆರೆಯ ರಚನೆ ಮತ್ತು ಅಪಾಯದ ಸ್ಥಳಗಳು

ನೀರಿನಲ್ಲಿ ಮುಳುಗಿ ನಮ್ಮ ದೇಶದಲ್ಲಿ ಪ್ರತಿ ವರ್ಷ 30 ಸಾವಿರಕ್ಕೂ ಹೆಚ್ಚು ಜನರು ಸಾಯುತ್ತಿರುವುದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವಾರ್ಷಿಕ ವರದಿಗಳಿಂದ ತಿಳಿದುಬರುತ್ತದೆ. ಸಮುದ್ರದಿಂದ ದೂರವಿರುವ ನಮ್ಮ ಜಿಲ್ಲೆಯಲ್ಲಿ ಇಂತಹ ಸಾವುಗಳು ಸಂಭವಿಸುವುದು ಕೆರೆ, ಕೃಷಿಹೊಂಡ, ಕಲ್ಲು ಕ್ವಾರಿ ಮತ್ತು ಬಾವಿಗಳಲ್ಲಿ. ಅಲೆಯಿಲ್ಲದ ಕೆರೆಯ ನೀರು ನೋಡುವವರಿಗೆ ನಿರಪಾಯಕರವಾಗಿ ಕಾಣುತ್ತದೆ. ಕೆರೆಯ ರಚನೆಯನ್ನು ಅರಿತವರು ಹಾಗೆ ನಂಬುವುದಿಲ್ಲ.

ಕೆರೆಯು ಒಂದು ಬದಿಗೆ ಏರಿ ಕಟ್ಟಿದ ಇಳಿಜಾರು. ನೀರು ಬರುವ ಕಡೆ, ಅಂದರೆ ಅಂಗಳದ ಕಡೆ ಆಳ ಕಡಿಮೆ. ಏರಿಯ ಕಡೆಗೆ ಹೋದಂತೆ ಆಳ ಹೆಚ್ಚು. ತೂಬಿನ ಮುಂದೆ ಅತಿ ಹೆಚ್ಚು. ಏರಿಯ ಒಳಮೈಗೆ ಹಾಸಿದ ಕಲ್ಲುಕಟ್ಟಡದ ಮೇಲೆ ಪಾಚಿ ಬೆಳೆದಿರುವುದರಿಂದ ಅಲ್ಲಿ ನಿಂತು ಗಾಳ ಎಸೆಯುವವರ ಕಾಲು ಜಾರಿದರೆ ನೇರವಾಗಿ ಆಳಕ್ಕೇ ಬೀಳುತ್ತಾರೆ, ಮತ್ತು ಅದೇ ಜಾರುವ ಕಲ್ಲಿನ ಮೇಲೆ ಹತ್ತಿ ಬರಲು ಆಗುವುದಿಲ್ಲ. ತೂಬು ತೆರೆದಿರುವಾಗ ನೀರು ಒಳಕ್ಕೆ ಎಳೆಯುತ್ತಿರುತ್ತದೆ. ಮೇಲ್ನೋಟಕ್ಕೆ ಈ ಎಳೆತ ತಿಳಿಯದು. ಸಿಕ್ಕಿಕೊಂಡ ಗಾಳವನ್ನು ಬಿಡಿಸಲು ತೂಬಿನ ಬಳಿ ನೀರಿಗೆ ಇಳಿಯುವುದನ್ನು ಯಾವ ಕಾರಣಕ್ಕೂ ಮಾಡಕೂಡದು. ಗಾಳದ ಬೆಲೆ ಕೆಲವೇ ರೂಪಾಯಿಗಳು.

ಅಂಗಳದ ಕಡೆ ಆಳ ಕಡಿಮೆ ಎಂಬ ಹಿಂದಿನವರ ಮಾತು ಈಗ ಪೂರ್ತಿ ನಿಜವಲ್ಲ. ಇಟ್ಟಿಗೆಗಾಗಿ, ಹೊಲಕ್ಕೆ ಗೋಡು ಹೊಡೆಯಲು ಮತ್ತು ಬಡಾವಣೆಗಳಿಗೆ ತುಂಬಲು ಬೇಸಿಗೆಯಲ್ಲಿ ಯಂತ್ರಗಳಿಂದ ಮಣ್ಣು ತೆಗೆದ ಕೆರೆಗಳಲ್ಲಿ ಗೋಡೆಯಂತೆ ಕಡಿದಾದ ಗುಂಡಿಗಳು ಉಳಿದಿರುತ್ತವೆ. ಮಳೆ ಬಂದು ನೀರು ನಿಂತ ಮೇಲೆ ಅವು ಕಣ್ಣಿಗೆ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಆಳೆತ್ತರದ ನೀರಿಗೆ ಬೀಳುವುದು ಹೀಗೆಯೇ. ಜೊತೆಯಲ್ಲಿದ್ದವರು ಕೈಹಿಡಿದು ಎಳೆಯಲು ಹೋಗಿ ಅದೇ ಗುಂಡಿಗೆ ಇಳಿಯುತ್ತಾರೆ. ಒಂದೇ ಅವಘಡದಲ್ಲಿ ಇಬ್ಬರು ಮೂವರು ಸಾಯುವ ಪ್ರಕರಣಗಳಿಗೆ ಮುಖ್ಯ ಕಾರಣ ಇದು.

ಇನ್ನೊಂದು ಬದಲಾವಣೆಯೂ ಆಗಿದೆ. ದಶಕಗಳ ಕಾಲ ಬತ್ತಿದ್ದು, ದನ ಮೇಯುವ ಬಯಲುಗಳಾಗಿದ್ದ ಕೆರೆಗಳು 2022ರ ಭಾರಿ ಮಳೆಯಲ್ಲಿ ತುಂಬಿ ಕೋಡಿ ಹರಿದವು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಸಂಸ್ಕರಿಸಿದ ನೀರಿನಿಂದಾಗಿ ದೇವನಹಳ್ಳಿ ಭಾಗದ ಕೆಲವು ಕೆರೆಗಳಲ್ಲಿ ಬೇಸಿಗೆಯಲ್ಲಿಯೂ ನೀರು ನಿಲ್ಲುತ್ತಿದೆ. ಕ್ರಿಕೆಟ್ ಆಡುತ್ತಿದ್ದ ಜಾಗದಲ್ಲಿ ನೀರು ತುಂಬಿದಾಗ ಅದರ ಆಳ ತಮಗೆ ಗೊತ್ತೆಂದು ಊರಿನ ಹುಡುಗರೇ ಭಾವಿಸುತ್ತಾರೆ. ಈಜು ಬಲ್ಲ ಹಳೆಯ ತಲೆಮಾರಿನವರು ಬಾವಿಯಲ್ಲಿ ಕಲಿತಿದ್ದರು. ಕೆರೆ ಬತ್ತಿದ್ದ ವರ್ಷಗಳಲ್ಲಿ ಬೆಳೆದವರಲ್ಲಿ ಅನೇಕರಿಗೆ ಈಜೇ ಬಾರದು.

ಕೋಡಿ ಹರಿಯುವಾಗ ಮೀನು ನೀರಿಗೆ ಎದುರಾಗಿ ಹತ್ತುತ್ತದೆ. ಅದನ್ನು ಹಿಡಿಯಲು ಜನ ಸೇರುವುದು ಎಲ್ಲ ಊರುಗಳಲ್ಲಿಯೂ ಕಂಡುಬರುವ ದೃಶ್ಯ. ಮೊಣಕಾಲುದ್ದ ರಭಸದ ನೀರು ವಯಸ್ಕರನ್ನೂ ಉರುಳಿಸಬಲ್ಲದು. ಕೋಡಿಯ ಕೆಳಗಿನ ಸುಳಿಯಿಂದ ಈಜಿ ಹೊರಬರುವುದು ನುರಿತವರಿಗೂ ಕಷ್ಟ. ಕೋಡಿ ಹರಿಯುತ್ತಿರುವ ಕೆರೆಯಲ್ಲಿ ಸ್ಪರ್ಧೆಯ ದಿನಾಂಕವನ್ನು ಮುಂದೂಡಬೇಕೇ ಹೊರತು ಸ್ಥಳ ಬದಲಿಸಿ ನಡೆಸಬಾರದು. ಗಣೇಶ ವಿಸರ್ಜನೆಯ ಸಮಯಕ್ಕೂ ಈ ಮಾತು ಸಲ್ಲುತ್ತದೆ.

ಹೂಳಿನಲ್ಲಿ ಕಾಲು ಸಿಕ್ಕಿಕೊಂಡಲ್ಲಿ ಒದ್ದಾಡಿದಷ್ಟೂ ಕಾಲು ಕೆಳಗೆ ಹೋಗುತ್ತದೆ. ಹಿಂದಕ್ಕೆ ಒರಗಿ ಮೈಭಾರವನ್ನು ಹರಡಿ, ಒಂದೊಂದೇ ಕಾಲನ್ನು ನಿಧಾನವಾಗಿ ಅಲುಗಿಸುತ್ತಾ ಎಳೆದುಕೊಳ್ಳಬೇಕು. ಅಂತರಗಂಗೆ ಮತ್ತು ಜೊಂಡು ಬೆಳೆದ ಭಾಗಗಳಲ್ಲಿ ಇಳಿಯಲೇಬಾರದು.

ಉಡುಪು, ಜಾಕೆಟ್ ಮತ್ತು ಹರಿಗೋಲು

ನೀರಿನ ಮೇಲೆ ಇರುವಷ್ಟು ಹೊತ್ತೂ ಜೀವರಕ್ಷಕ ಜಾಕೆಟ್ ಮೈಮೇಲೆ ಇರಬೇಕು. ಹರಿಗೋಲಿನ ತಳದಲ್ಲಿ ಮಡಚಿಟ್ಟ ಜಾಕೆಟ್ ಮುಳುಗುವಾಗ ಉಪಯೋಗಕ್ಕೆ ಬರುವುದಿಲ್ಲ. ನೀರಿನಲ್ಲಿ ಬಿದ್ದ ಮೇಲೆ ಅದನ್ನು ಧರಿಸುವುದು ಈಜು ಬಲ್ಲವರಿಗೂ ಅಸಾಧ್ಯವೆನ್ನುವಷ್ಟು ಕಷ್ಟ. ಜಾಕೆಟ್ ತೊಟ್ಟ ಮೇಲೆ ಇನ್ನೊಬ್ಬರು ಅದರ ಭುಜದ ಪಟ್ಟಿಯನ್ನು ಮೇಲಕ್ಕೆ ಎಳೆದು ನೋಡಬೇಕು. ಕಿವಿಯವರೆಗೆ ಎದ್ದು ಬಂದರೆ ಅದು ಆ ವ್ಯಕ್ತಿಯ ಅಳತೆಯದಲ್ಲ. ಮಕ್ಕಳಿಗೆ ಕಾಲ ನಡುವೆ ಹಾಯುವ ಪಟ್ಟಿ ಇರುವ ಜಾಕೆಟ್ ಅಗತ್ಯ. ಲಾರಿಯ ಟ್ಯೂಬು ಮತ್ತು ಥರ್ಮೋಕೋಲ್ ಹಲಗೆಗಳನ್ನು ವೃತ್ತಿನಿರತ ಮೀನುಗಾರರು ಅಭ್ಯಾಸಬಲದಿಂದ ಬಳಸುತ್ತಾರಾದರೂ ಅವು ಜಾಕೆಟ್‌ಗೆ ಬದಲಿ ಅಲ್ಲ.

ಹರಿಗೋಲು ದುಂಡಾಗಿರುವುದರಿಂದ ತಳದಲ್ಲಿ ಕುಳಿತಷ್ಟು ಹೊತ್ತು ಸ್ಥಿರವಾಗಿರುತ್ತದೆ. ಎದ್ದು ನಿಂತ ಕೂಡಲೇ ವಾಲುತ್ತದೆ. ದೊಡ್ಡ ಮೀನು ಸಿಕ್ಕಿತೆಂದು ಎಲ್ಲರೂ ಒಂದೇ ಅಂಚಿಗೆ ಬಾಗಿದಾಗ ಮಗುಚುವುದೇ ಹೆಚ್ಚು. ಹರಿಗೋಲು ನಡೆಸುವವರು ಸ್ಥಳೀಯ ಮೀನುಗಾರರೇ ಆಗಿರಬೇಕು, ಹಾಗೂ ಎಷ್ಟು ಜನ ಕೂರಬಹುದೆಂಬ ಅವರ ಮಾತೇ ಅಂತಿಮವಾಗಿರಬೇಕು. ಮಗುಚಿದಲ್ಲಿ ದಡಕ್ಕೆ ಈಜಲು ಹೋಗದೆ ಹರಿಗೋಲನ್ನೇ ಹಿಡಿದುಕೊಂಡಿರುವುದು ಕ್ಷೇಮ.

ಪಂಚೆ, ಲುಂಗಿ ಹಾಗೂ ನೀರು ತುಂಬಿಕೊಳ್ಳುವ ಉದ್ದನೆಯ ಬೂಟುಗಳನ್ನು ಧರಿಸಿ ನೀರಿನ ಅಂಚಿಗೆ ಹೋಗಬಾರದು. ಮದ್ಯ ಸೇವಿಸಿದವರನ್ನು ಸ್ಪರ್ಧೆಯಿಂದ ಹೊರಗಿಡುವ ಅಧಿಕಾರವನ್ನು ಸಂಘಟಕರು ಮೊದಲೇ ಪ್ರಕಟಿಸಿ, ಅದನ್ನು ಚಲಾಯಿಸಲು ಹಿಂಜರಿಯಬಾರದು.

ಸಿಡಿಲು ಮತ್ತು ವಿದ್ಯುತ್ ತಂತಿ

ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನದ ನಂತರ ಈ ಭಾಗದಲ್ಲಿ ಗುಡುಗು ಸಹಿತ ಮಳೆ ಸಾಮಾನ್ಯ. ಬಯಲಾದ ಕೆರೆಯ ಅಂಗಳದಲ್ಲಿ ಉದ್ದನೆಯ ಗಾಳದ ಕೋಲು ಹಿಡಿದು ನಿಂತವರೇ ಅಲ್ಲಿನ ಅತಿ ಎತ್ತರದ ವಸ್ತುವಾಗಿರುತ್ತಾರೆ. ಈಗಿನ ಕೋಲುಗಳಲ್ಲಿ ಬಳಸುವ ಕಾರ್ಬನ್ ನಾರಿನ ಮೂಲಕ ವಿದ್ಯುತ್ ಹರಿಯುತ್ತದೆ ಎಂಬುದು ಬಳಸುವವರಿಗೇ ಎಷ್ಟೋ ಬಾರಿ ತಿಳಿದಿರುವುದಿಲ್ಲ. ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದಲ್ಲಿ ಕೋಲನ್ನು ಕೆಳಗಿಟ್ಟು, ಕಟ್ಟಡ ಅಥವಾ ಮುಚ್ಚಿದ ವಾಹನವನ್ನು ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಏರಿಯ ಮೇಲಿನ ಒಂಟಿ ಮರ ಆಶ್ರಯವಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರೂಪಿಸಿರುವ ‘ಸಿಡಿಲು’ ಮೊಬೈಲ್ ಆ್ಯಪ್ ಸುತ್ತಲಿನ ಪ್ರದೇಶದ ಸಿಡಿಲಿನ ಮುನ್ಸೂಚನೆ ನೀಡುತ್ತದೆ.

ಕೆರೆಯ ಮೇಲೆ ಅಥವಾ ಏರಿಯ ಪಕ್ಕದಲ್ಲಿ ವಿದ್ಯುತ್ ತಂತಿಗಳು ಹಾದುಹೋಗಿರುವ ಕಡೆ ಗಾಳ ಎಸೆಯಲೇಬಾರದು. ಕೋಲು ತಂತಿಗೆ ಮುಟ್ಟಲೇಬೇಕೆಂದಿಲ್ಲ. ಹೆಚ್ಚಿನ ಒತ್ತಡದ ತಂತಿಯ ಸಮೀಪಕ್ಕೆ ಬಂದರೂ ಸಾಕು.

ಮುಳುಗುತ್ತಿರುವವರನ್ನು ಕಂಡಾಗ

ಮುಳುಗುವವರು ಕೈಬೀಸಿ ಕೂಗುತ್ತಾರೆ ಎಂಬುದು ಚಲನಚಿತ್ರದ ಮಾತು. ವಾಸ್ತವದಲ್ಲಿ ಉಸಿರಿಗೇ ಒದ್ದಾಡುತ್ತಿರುವವರಿಗೆ ಕೂಗಲು ಆಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ, ತಲೆ ಹಿಂದಕ್ಕೆ ವಾಲಿ, ಸದ್ದಿಲ್ಲದೆ ಮುಳುಗುತ್ತಾರೆ. ಹತ್ತು ಅಡಿ ದೂರದಲ್ಲಿದ್ದವರಿಗೂ ತಿಳಿಯದಿರುವುದು ಇದರಿಂದಲೇ.

ತರಬೇತಿ ಇಲ್ಲದವರು ನೀರಿಗೆ ಹಾರಬಾರದು. ಮುಳುಗುವವರು ಕೈಗೆ ಸಿಕ್ಕಿದವರನ್ನು ಅಪ್ಪಿ ಹಿಡಿಯುತ್ತಾರೆ, ಇಬ್ಬರೂ ಕೆಳಗೆ ಹೋಗುತ್ತಾರೆ. ದಡದಲ್ಲಿ ಮಲಗಿ ಬಿದಿರುಗಳು ಅಥವಾ ಗಾಳದ ಕೋಲಿನ ಹಿಡಿಯನ್ನು ಚಾಚಬೇಕು. ಎಟುಕದಿದ್ದರೆ ಹಗ್ಗ ಕಟ್ಟಿದ ಖಾಲಿ ಕ್ಯಾನು ಎಸೆಯಬೇಕು. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಕ್ಯಾನು ಒಬ್ಬ ವಯಸ್ಕರ ತಲೆಯನ್ನು ನೀರಿನ ಮೇಲೆ ಹಿಡಿದಿಡಲು ನೆರವಾಗುತ್ತದೆ. ಏನೂ ಇಲ್ಲದ ಕಡೆ ಬಟ್ಟೆಯೂ ಆದೀತು. 2020ರ ಆಗಸ್ಟ್‌ನಲ್ಲಿ ನೆರೆಯ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಜಲಾಶಯದಲ್ಲಿ ನಾಲ್ವರು ಯುವಕರು ಮುಳುಗುತ್ತಿದ್ದಾಗ, ಬಟ್ಟೆ ಒಗೆಯಲು ಬಂದಿದ್ದ ಮೂವರು ಮಹಿಳೆಯರು ತಮ್ಮ ಸೀರೆಗಳನ್ನೇ ಬಿಚ್ಚಿ ಎಸೆದು ಇಬ್ಬರನ್ನು ಉಳಿಸಿದರು. ಉಳಿದಿಬ್ಬರನ್ನು ಉಳಿಸಲಾಗಲಿಲ್ಲ. ಅಂದು ದಡದಲ್ಲಿ ಒಂದು ಹಗ್ಗವೂ ಇರಲಿಲ್ಲ ಎಂಬುದನ್ನು ಸ್ಪರ್ಧೆಯ ಸಂಘಟಕರು ಗಮನಿಸತಕ್ಕದ್ದು.

ಮೇಲಕ್ಕೆ ತಂದವರನ್ನು ಬೋರಲು ಮಲಗಿಸಿ ಹೊಟ್ಟೆ ಒತ್ತುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗುವುದು, ಹೆಗಲ ಮೇಲೆ ಹಾಕಿಕೊಂಡು ಸುತ್ತಿಸುವುದು ಹಳ್ಳಿಗಳಲ್ಲಿ ಇಂದಿಗೂ ರೂಢಿಯಲ್ಲಿದೆ. ಇದರಿಂದ ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ ಹಾಗೂ ಅಮೂಲ್ಯ ನಿಮಿಷಗಳು ವ್ಯರ್ಥವಾಗುತ್ತವೆ. ಉಸಿರಾಟ ಇಲ್ಲದಿದ್ದಲ್ಲಿ ಅಂಗಾತ ಮಲಗಿಸಿ, ಗದ್ದವನ್ನು ಮೇಲೆತ್ತಿ, ಮೂಗು ಮುಚ್ಚಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ನೀಡಬೇಕು. ನಂತರ ಎದೆಯ ನಡುವೆ ಅಂಗೈಯಿಂದ ರಭಸವಾಗಿ 30 ಬಾರಿ ಒತ್ತುವುದು, 2 ಬಾರಿ ಉಸಿರು ನೀಡುವುದು – ಹೀಗೆ ಸಹಾಯ ಬರುವವರೆಗೆ ನಿಲ್ಲಿಸದೆ ಮಾಡಬೇಕು. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಕಾಣಿಸಿಕೊಳ್ಳುವುದುಂಟು. ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108. ಕೆರೆಯ ಹೆಸರಿನ ಜೊತೆಗೆ ಯಾವ ಊರಿನ ಕಡೆಯ ದಡ ಎಂಬುದನ್ನೂ ತಿಳಿಸಬೇಕು, ಏಕೆಂದರೆ ದೊಡ್ಡ ಕೆರೆಯ ಒಂದು ದಡದಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಹೋಗಲು ಬಹಳ ಸಮಯ ಹಿಡಿಯುತ್ತದೆ.

ಮೀನಿನ ಬಗ್ಗೆ

ಗುತ್ತಿಗೆಯ ಕೆರೆಯಲ್ಲಿ ಹಿಡಿದ ಮೀನನ್ನು ಬಿಡಬೇಕೇ, ತೂಕಕ್ಕೆ ಹಣ ಕೊಟ್ಟು ಒಯ್ಯಬಹುದೇ ಎಂಬುದನ್ನು ಒಪ್ಪಿಗೆ ಪತ್ರದಲ್ಲಿಯೇ ಬರೆಸಿಕೊಳ್ಳಬೇಕು. ಬಿಡುವುದಾದರೆ ಮುಳ್ಳಿಲ್ಲದ ಗಾಳ ಬಳಸಿ, ಕೈ ಒದ್ದೆ ಮಾಡಿಕೊಂಡು ಮೀನನ್ನು ಹಿಡಿದು, ತೂಕದ ಬದಲು ಉದ್ದ ಅಳೆದು ತಕ್ಷಣ ನೀರಿಗೆ ಬಿಡುವುದು ಉತ್ತಮ. ಬೇಸಿಗೆಯ ಮಧ್ಯಾಹ್ನ ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುವುದರಿಂದ ಬಿಟ್ಟ ಮೀನು ಉಳಿಯುವುದಿಲ್ಲ. ಬೆಳಗಿನ ಸ್ಪರ್ಧೆಯೇ ಲೇಸು.

ತುಂಡಾದ ನೈಲಾನ್ ದಾರವನ್ನು ಕೆರೆಯಲ್ಲಿ ಬಿಡಬಾರದು. ಹೊಸಕೋಟೆಯ ದೊಡ್ಡ ಕೆರೆಯಂತಹ, ಹಕ್ಕಿ ವೀಕ್ಷಕರಿಗೆ ಪರಿಚಿತವಾದ ಕೆರೆಗಳಲ್ಲಿ ಹೆಜ್ಜಾರ್ಲೆ, ಬಕ, ನೀರುಕಾಗೆಗಳ ಕಾಲಿಗೆ ಅದು ಸುತ್ತಿಕೊಳ್ಳುತ್ತದೆ. ನೊರೆ ಅಥವಾ ದುರ್ವಾಸನೆ ಇರುವ ಕೆರೆಯ ಮೀನನ್ನೂ, ತಾನಾಗಿ ಸತ್ತು ತೇಲಿದ ಮೀನನ್ನೂ ತಿನ್ನಬಾರದು. ಕೈಗೆ ಗಾಳ ಚುಚ್ಚಿದಲ್ಲಿ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕಾಣಬೇಕು. ನೀರಿನಲ್ಲಿ ಕಾಣುವ ನೀರೊಳ್ಳೆ ಹಾವು ವಿಷರಹಿತ. ಆದರೆ ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಇರಬಹುದಾದ್ದರಿಂದ ಬೆಳಗಿನ ಕತ್ತಲಲ್ಲಿ ಟಾರ್ಚ್ ಇಲ್ಲದೆ ನಡೆಯಬಾರದು.

ಸ್ಪರ್ಧೆಗೆ ಅನುಮತಿ ಕೋರುವವರಿಗೆ

ಅರ್ಜಿಯಲ್ಲಿ ಕೆರೆಯ ಹೆಸರು, ಗ್ರಾಮ, ದಿನಾಂಕ, ಸಮಯ, ಭಾಗವಹಿಸುವವರ ಅಂದಾಜು ಸಂಖ್ಯೆ ಹಾಗೂ ಜವಾಬ್ದಾರಿ ಹೊರುವ ಒಬ್ಬರ ಹೆಸರು ಮತ್ತು ದೂರವಾಣಿ ಸಂಖ್ಯೆ ಇರಬೇಕು. ಗುತ್ತಿಗೆದಾರರ ಲಿಖಿತ ಒಪ್ಪಿಗೆ ಮತ್ತು ಕೆರೆ ನಿರ್ವಹಿಸುವ ಸಂಸ್ಥೆಯ ಪತ್ರವನ್ನು ಲಗತ್ತಿಸುವುದು ಒಳಿತು. ಸ್ಥಳೀಯ ಪೊಲೀಸ್ ಠಾಣೆಗೆ ಮತ್ತು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಂಚಿತವಾಗಿ ತಿಳಿಸಬೇಕು. ಆ ಅವಧಿಯಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧವಿದೆಯೇ ಎಂಬುದನ್ನೂ, ಶುಲ್ಕವನ್ನೂ ಅರ್ಜಿ ಸಲ್ಲಿಸುವಾಗಲೇ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಇದಕ್ಕಿಂತ ಮುಖ್ಯವಾದುದು ಅರ್ಜಿಗೆ ಮುಂಚಿನ ಒಂದು ಕೆಲಸ. ಸಂಘಟಕರು ಮೀನುಗಾರರ ಸಂಘದ ಸದಸ್ಯರೊಬ್ಬರ ಜೊತೆ ಕೆರೆಯನ್ನು ಒಂದು ಸುತ್ತು ಹಾಕಿ, ಗುಂಡಿ, ತೂಬು, ಕೋಡಿ ಮತ್ತು ವಿದ್ಯುತ್ ತಂತಿ ಇರುವ ಕಡೆಗಳನ್ನು ಗುರುತಿಸಿ, ಅಲ್ಲಿ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡಬೇಕು. ಗಾಳಗಾರರ ಜಾಗಗಳನ್ನು ಅವುಗಳಿಂದ ದೂರದಲ್ಲಿ ನಿಗದಿಪಡಿಸಬೇಕು. ಸ್ಪರ್ಧೆಯ ದಿನ ಅದೇ ಸಂಘದ ಈಜು ಬಲ್ಲ ಇಬ್ಬರನ್ನು ದಿನಗೂಲಿ ನೀಡಿ ಹರಿಗೋಲಿನೊಡನೆ ನೀರಿನಲ್ಲಿ ಇರಿಸಿದರೆ, ಸಂಘಕ್ಕೂ ಆದಾಯ, ಸ್ಪರ್ಧೆಗೂ ಕಾವಲು. ಬಂದವರ ಹೆಸರನ್ನು ಆರಂಭದಲ್ಲಿ ಬರೆದುಕೊಂಡು, ಮುಗಿದಾಗ ಅದೇ ಪಟ್ಟಿಯಿಂದ ಕೂಗಿ ಎಲ್ಲರೂ ಹಿಂದಿರುಗಿದ್ದಾರೆಯೇ ನೋಡಬೇಕು. ಬಹುಮಾನ ವಿತರಣೆ ಅದಾದ ಮೇಲೆ.

ವಿಮೆಯ ವಿಷಯದಲ್ಲಿ ಗೊಂದಲ ಬೇಡ. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಜಾರಿಗೆ ಬಂದ ಗುಂಪು ಅಪಘಾತ ವಿಮೆಯಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ 5 ಲಕ್ಷ ರೂಪಾಯಿ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ ರೂಪಾಯಿ ಹಾಗೂ ಆಸ್ಪತ್ರೆ ವೆಚ್ಚಕ್ಕೆ 25,000 ರೂಪಾಯಿವರೆಗೆ ನಿಗದಿಯಾಗಿದ್ದು, ಕಂತನ್ನು ಸರ್ಕಾರಗಳೇ ಭರಿಸುತ್ತವೆ. ಇದು ನೋಂದಾಯಿತ ಮೀನುಗಾರರಿಗಾಗಿ ಇರುವ ವಿಮೆಯೇ ಹೊರತು ಹವ್ಯಾಸಿಗಳಿಗಲ್ಲ. ಹವ್ಯಾಸಿಗಳಿಗಾಗಿ ಸಂಘಟಕರು ಪ್ರತ್ಯೇಕ ವಿಮೆ ಮಾಡಿಸಬೇಕಾಗುತ್ತದೆ. ಹರಿಗೋಲಿನಲ್ಲಿ ಕಾವಲಿಗೆ ನಿಲ್ಲುವ ಸಂಘದ ಸದಸ್ಯರ ಹೆಸರು ವಿಮೆಗೆ ನೋಂದಣಿಯಾಗಿದೆಯೇ ಎಂಬುದನ್ನು ಸ್ಪರ್ಧೆಗೆ ಮುನ್ನವೇ ತಾಲ್ಲೂಕು ಕಚೇರಿಯಲ್ಲಿ ಅಥವಾ ದೇವನಹಳ್ಳಿ ತಾಲ್ಲೂಕು ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿ ವಿಚಾರಿಸಬಹುದಾಗಿದ್ದು, ಆಗಿರದಿದ್ದಲ್ಲಿ ನೋಂದಣಿಗೆ ಅರ್ಜಿಯನ್ನು ಅದೇ ದಿನ ಸಲ್ಲಿಸಲು ಕೋರಲಾಗಿದೆ.